ಮುಚ್ಚಿಟ್ಟ ಎದೆಬಡಿತ

"ಹೊಸ ಯಂತ್ರ ತರಿಸಿದೆವು. ಕೋಣೆಗೆ ಏಸಿ ಹಾಕಿಸಿದೆವು. ಸರದಿಯೂ ಬೇಗ ಕರಗುತ್ತದೆ. ಆದರೂ ಜನ ನಮ್ಮನ್ನು ಶಪಿಸಿಯೇ ಹೋಗುತ್ತಾರೆ. ನಮ್ಮ ಸೇವೆಯಲ್ಲಿ ಇನ್ನೇನು ಕೊರತೆ, ಗುರುಗಳೇ?" ಎಂದು ದೊಡ್ಡ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ವಿಭಾಗದ ಮುಖ್ಯಸ್ಥನಾಗಿದ್ದ ಶಿಷ್ಯ ಕೇಳಿದ.

"ಕೊರತೆಯಲ್ಲ, ಕಳ್ಳತನ. ಜನರದ್ದನ್ನು ಜನರಿಗೆ ಕೊಡದೆ ಇಟ್ಟುಕೊಂಡಿದ್ದೀರಿ. ಕೇಳು," ಎಂದರು ಗುರುಗಳು.

ಒಬ್ಬ ಬಸುರಿ ಇದ್ದಳು. ಹಿಂದೆ ಎರಡು ಬಸಿರು ಕಳೆದುಕೊಂಡವಳು. ಈ ಸಲ ಅವಳೂರಿನ ಸಣ್ಣ ಆಸ್ಪತ್ರೆಯ ವೈದ್ಯೆ ಅವಳಿಗೆ ಕೂಸಿನ ಎದೆಬಡಿತ ಕೇಳಿಸಿದ್ದಳು. ಕುದುರೆ ಓಡಿದ ಹಾಗಿತ್ತು. ಅದನ್ನು ಇನ್ನೊಮ್ಮೆ ಕೇಳಬೇಕೆಂಬುದೊಂದೇ ಅಂದಿನಿಂದ ಅವಳ ಆಸೆ.

ಏಳನೆಯ ತಿಂಗಳಲ್ಲಿ ಕೂಸು ಮಿಸುಕಾಡುವುದು ನಿಂತಂತಾಯಿತು. ಅತ್ತೆ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿನ ವೈದ್ಯ ಕಾನೂನಿಗೆ ಹೆದರುವವನು. ಗಂಡೋ ಹೆಣ್ಣೋ ಹೇಳಬಾರದು ಎಂಬುದು ಕಾನೂನು. ಒಂದು ಮಾತಾಡಿದರೆ ಇನ್ನೊಂದು ಕೇಳುತ್ತಾರೆಂದು ಅವನು ಮಾತನ್ನೇ ಬಿಟ್ಟಿದ್ದ. ಪರದೆಯನ್ನು ಗೋಡೆಗೆ ತಿರುಗಿಸಿದ್ದ. ಎದೆಬಡಿತ ಕೇಳಿಸುವ ಯಂತ್ರದ ಸದ್ದನ್ನೂ ಅಡಗಿಸಿದ್ದ.

ಅವಳು ಮಲಗಿ ಕಿವಿಗೊಟ್ಟಳು. ಏಸಿಯ ಗುಂಯ್ ಬಿಟ್ಟರೆ ಏನೂ ಇಲ್ಲ.

"ಸಾರ್, ಜೀವ ಐತಾ?"

"ರಿಪೋರ್ಟು ಸಂಜೆ. ಏಳಮ್ಮ."

ಆ ಹೊತ್ತಿಗೆ ವೈದ್ಯ ಕೂಸಿನ ಎದೆ ಬಡಿಯುವುದನ್ನು ಕಣ್ಣಾರೆ ಕಂಡಿದ್ದ. ಎಲ್ಲ ಸರಿಯಿದೆ, ಹೇಳುವುದೇನಿದೆ ಎಂದುಕೊಂಡ. ಮುಂದಿನವಳನ್ನು ಕರೆದ.

ಹೊರಗೆ ಅತ್ತೆ ಕೇಳಿದಳು, "ಏನಂದ್ರೇ?"

"ಏನೂ ಅನ್ಲಿಲ್ಲ ಅತ್ತೆ. ಇದ್ದಿದ್ರೆ ಅಂತಿದ್ರು."

ಅತ್ತೆ ಬಾಗಿಲು ಕಾಯುವವನ ಮೇಲೆ ಹರಿಹಾಯ್ದಳು. "ಕಲ್ಲುದೇವ್ರೂ ಬೇಡ್ಕೊಂಡ್ರೆ ಬಲಗಡೆ ಹೂ ಕೊಡ್ತದೆ ಕಣಪ್ಪಾ. ನಿಮ್ ಡಾಕ್ಟ್ರಿಗೆ ಅಷ್ಟೂ ಬಾಯಿಲ್ವಾ?"

ಬಸುರಿ ಮೆಟ್ಟಿಲ ಮೇಲೆ ಕೂತಳು. ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಅತ್ತೆ ತಂದ ಟೀ ಅವಳ ಪಕ್ಕದಲ್ಲೇ ಆರಿತು. ಸಂಜೆ ರಿಪೋರ್ಟು ಬಂತು. ಅಲ್ಲಿನ ನರ್ಸೊಬ್ಬಳು ಓದಿ ಹೇಳಿದಳು, ಕೂಸು ಚೆನ್ನಾಗಿದೆ.

ಬಸುರಿ ನಗಲಿಲ್ಲ. "ಬದುಕಿರೋ ಕೂಸಿಗೆ ಬೆಳಗಿಂದ ಅತ್ಬಿಟ್ಟೆನಲ್ಲಾ ಅತ್ತೆ," ಎಂದಳು. ಕುದುರೆಯ ಓಟ ಅವಳಿಗೆ ಅಂದೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಕಾನೂನು..." ಎಂದ ಶಿಷ್ಯ.

"ಗಂಡೋ ಹೆಣ್ಣೋ ಎಂಬುದನ್ನು ಮುಚ್ಚಿಡಿ ಎಂದದ್ದು ಕಾನೂನು. ಜೀವ ಇದೆ ಎಂಬುದನ್ನು ಮುಚ್ಚಿಟ್ಟವರು ನೀವು."

ಶಿಷ್ಯ ತಲೆ ತಗ್ಗಿಸಿ ಕೂತ.

"ಇಲ್ಲೇನು ಕೂತೆ? ನಿನ್ನ ಬಾಗಿಲಲ್ಲೂ ಒಬ್ಬಳು ಕಾಯುತ್ತಿದ್ದಾಳೆ; ಎದ್ದು ಹೋಗು, ಆ ಸದ್ದು ಹಾಕು."