ಹಳೇ ನಂಬರಿಗೆ ಹೋದ ಹಾಲ್ ಟಿಕೆಟ್ಟು

"ಬುದ್ಧೀ, ನನ್ನ ತಮ್ಮನಿಗೆ ಹೇಳಿ ಹೇಳಿ ಸಾಕಾಯಿತು. ಚಿಕ್ಕಂದಿನಲ್ಲಿ ಹೇಗೆ ಹೇಳುತ್ತಿದ್ದೆನೋ ಈಗಲೂ ಹಾಗೆಯೇ ಹೇಳುತ್ತೇನೆ. ಆಗ ಕೇಳುತ್ತಿದ್ದ, ಈಗ ತುಟಿಯೇ ಬಿಚ್ಚುವುದಿಲ್ಲ. ಅವನ ಆಸೆ ಬಿಟ್ಟುಬಿಡಲೇ?" ಎಂದು ಮರಿದೇವ ಮಠದ ಸ್ವಾಮಿಗಳನ್ನು ಕೇಳಿದ.

ಸ್ವಾಮಿಗಳು ಕತೆ ಹೇಳಿದರು.

ಒಂದು ಶಾಲೆಯಲ್ಲಿ ಒಬ್ಬ ಟೀಚರಮ್ಮ ಇದ್ದಳು. ಬೆಳಗಾದರೆ ದೊಡ್ಡ ಪರೀಕ್ಷೆ. ಹಾಲ್ ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಸಂಜೆ ಬಸ್ಸಿಗೆ ಹೋಗಬೇಕಾದ ಮಕ್ಕಳು ಜಗಲಿ ಮೇಲೆ ಕಾದು ಕೂತಿದ್ದವು. ಟಿಕೆಟ್ ತೆಗೆಯುವ ಸಾಫ್ಟ್‌ವೇರ್ ತೆರೆಯುತ್ತಿದ್ದುದು ಅವಳ ಕೋಣೆಯ ಹಳೇ ಕಂಪ್ಯೂಟರಿನಲ್ಲಿ ಮಾತ್ರ. ಪ್ರಿಂಟರ್ ಇದ್ದುದು ಆಫೀಸಿನಲ್ಲಿ. ಅವಳು ಪ್ರಿಂಟ್ ಒತ್ತಿ ಆಫೀಸಿಗೆ ಓಡಿದಳು. ಹಾಳೆ ಬಂದಿರಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಓಡಿದಳು. ಇಲ್ಲ.

ಹೆಡ್‌ಮಾಸ್ತರು ಪ್ರಿಂಟರಿನ ನೆತ್ತಿಗೆ ಎರಡು ಬಿಟ್ಟರು. "ಕೆಟ್ಟಿದೆ ಬಿಡಿ ಟೀಚರೇ. ಆಯುಧಪೂಜೆಯಲ್ಲಿ ಇದಕ್ಕೊಂದು ನಿಂಬೆಹಣ್ಣು ಇಡಿ ಅಂದೆ, ಇಡಲಿಲ್ಲ. ಮುನಿಸಿಕೊಂಡಿದೆ."

"ಮುನಿಸೋ ಏನೋ, ಮಕ್ಕಳನ್ನು ಬರಿಗೈಲಿ ಕಳಿಸಲ್ಲ ಸಾರ್. ನಿಮ್ಮ ಹೊಸ ಕಂಪ್ಯೂಟರಿನಿಂದ ಒಂದು ಹಾಳೆ ಕಳಿಸಿ ನೋಡಿ."

ಕಳಿಸಿದರು. ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು. ಹಾಗಾದರೆ ಪ್ರಿಂಟರಿನ ತಪ್ಪಿಲ್ಲ. ಅವಳು ಸೆರಗು ಸಿಕ್ಕಿಸಿ ತನ್ನ ಕೋಣೆಯ ವೈರನ್ನು ತುದಿಯಿಂದ ತುದಿಗೆ ಸವರಿ ನೋಡಿದಳು. ಅದೂ ನೆಟ್ಟಗಿತ್ತು. ಕೊನೆಗೆ ಪ್ರಿಂಟರಿನ ಗುಂಡಿ ಒತ್ತಿ, ನೆಟ್ಟಿನಲ್ಲಿ ನಿನ್ನ ನಂಬರೇನು ಎಂದು ಅದನ್ನೇ ಕೇಳಿದಳು. ಅದು ಹಾಳೆಯ ಮೇಲೆ ಒತ್ತಿ ತೋರಿಸಿತು.

ಆಗ ತಿಳಿಯಿತು. ಹಿಂದಿನ ವಾರ ಶಾಲೆಯವರು ಕಂಪ್ಯೂಟರುಗಳನ್ನೂ ಪ್ರಿಂಟರನ್ನೂ ಜೋಡಿಸುವ ನೆಟ್ಟಿನ ಡಬ್ಬಿ ಬದಲಾಯಿಸಿದ್ದರು. ಹೊಸ ಡಬ್ಬಿ ಪ್ರಿಂಟರಿಗೆ ಬೇರೆ ನಂಬರು ಕೊಟ್ಟಿತ್ತು. ಹೊಸ ಕಂಪ್ಯೂಟರ್ ಅದನ್ನು ತಾನೇ ಹುಡುಕಿಕೊಂಡಿತ್ತು. ಹಳೇದು ಮಾತ್ರ ಎಂದೋ ಕಲಿತ ನಂಬರನ್ನೇ ಕೂಗುತ್ತಾ ಕೂತಿತ್ತು. ಆ ನಂಬರಿನಲ್ಲಿ ಈಗ ಯಾರೂ ಇರಲಿಲ್ಲ.

ಅವಳು ಕೋಣೆಗೆ ಹೋಗಿ ಹಳೇ ಕಂಪ್ಯೂಟರಿನಲ್ಲಿ ಸಾಲಾಗಿ ಸಿಕ್ಕಿಕೊಂಡಿದ್ದ ಹಳೇ ಪ್ರಿಂಟುಗಳನ್ನೆಲ್ಲ ಅಳಿಸಿದಳು. ಹೊಸ ನಂಬರು ಬರೆದಳು. ಒಂದೇ ಸಲ ಒತ್ತಿದಳು. ಆಫೀಸಿಗೆ ಹೋಗುವಷ್ಟರಲ್ಲಿ ಹೆಡ್‌ಮಾಸ್ತರು ಹಾಳೆ ಎತ್ತಿಕೊಂಡು ಮಕ್ಕಳ ಹೆಸರು ಕೂಗುತ್ತಿದ್ದರು. ಬಸ್ಸು ಬಂದಾಗ ಎಲ್ಲರ ಕೈಯಲ್ಲೂ ಟಿಕೆಟ್ ಇತ್ತು.

ಕತೆ ಮುಗಿಯಿತು. ಮರಿದೇವ ಇನ್ನೇನೋ ಹೇಳಲು ಹೊರಟ. ಸ್ವಾಮಿಗಳು ಅದಕ್ಕೆ ಮೊದಲೇ ಕೇಳಿದರು:

"ನಿನ್ನ ತಮ್ಮನಿಗೆ ಈಗ ವಯಸ್ಸೆಷ್ಟಪ್ಪಾ?"