ಕಣ್ಣು ಮುಚ್ಚಿ ಬೆನ್ನು ಮುಟ್ಟಿದ ಕಪ್ಪೆ

ಬೆನ್ನೆಲುಬಿನ ಕುಲದವರು ಅಳಿವೆಯಲ್ಲಿ ಔತಣವಿಟ್ಟು, ಬಾಗಿಲಿಗೆ ಕಪ್ಪೆಯಮ್ಮನನ್ನು ನಿಲ್ಲಿಸಿದರು. ಮುಖ ನೋಡಿದರೆ ದಾಕ್ಷಿಣ್ಯಕ್ಕೆ ಸಿಕ್ಕಿಬಿಡುತ್ತೇನೆಂದು ಆಕೆ ಕಣ್ಣು ಮುಚ್ಚಿಕೊಂಡು, ಬಂದವರ ಬೆನ್ನನ್ನಷ್ಟೇ ಮುಟ್ಟಿ ನೋಡಿ ಒಳಗೆ ಬಿಡುತ್ತಿದ್ದಳು.

ಬಂಡೆಗೆ ಅಂಟಿ ಬದುಕುವ ಕಡಲಜೀವಿಯ ಮರಿಯೊಂದು ಬಂತು. "ನಾವೂ ನಿಮ್ಮ ದಾಯಾದಿಗಳೇ, ತಾಯಿ. ನನ್ನ ಬಾಲದೊಳಗೆ ಮೆತ್ತನೆಯ ಕಡ್ಡಿಯಿದೆ. ನಿಮ್ಮ ಎಲುಬೂ ಮೊದಲು ಹೀಗೇ ಇತ್ತು."

"ಎಲುಬಿಲ್ಲದವರಿಗೆ ಇಲ್ಲಿ ಎಲೆಯಿಲ್ಲ. ನಡಿ ಆಚೆ!"

ಹಿಂದೆಯೇ ಇನ್ನೊಂದು ಮೆತ್ತನೆಯ ಬೆನ್ನು ಕೈಗೆ ಸಿಕ್ಕಿತು. ಅದು ಬಾಯಿ ತೆರೆಯುವ ಮೊದಲೇ ಆಚೆ ನೂಕಿದಳು.

ಊಟಕ್ಕೆ ಕೂತಾಗ ಪಕ್ಕದ ಎಲೆ ಖಾಲಿಯಿತ್ತು. "ನನ್ನ ಗೊದಮೊಟ್ಟೆ ಇನ್ನೂ ಬಂದಿಲ್ಲವೇ?" ಎಂದು ಕೇಳಿದಳು.

"ಬಂದಿತ್ತಲ್ಲ, ನೀನೇ ನೂಕಿದೆ. ಬಂಡೆಯವರು ಕರೆದುಕೊಂಡು ಹೋದರು. ಭೇಷ್, ನಿನ್ನಂಥ ಕಾವಲಿನವಳು ಇನ್ನೊಬ್ಬಳಿಲ್ಲ!" ಎಂದು ಬಡಿಸುತ್ತಿದ್ದ ಮೀನಯ್ಯ ಆ ಎಲೆಯನ್ನು ಎತ್ತಿಕೊಂಡು ಮುಂದೆ ಹೋದ.