ಪೊಟರೆಯೊಳಗಿನ ದನಿ

ಒಂದಾನೊಂದು ಊರಲ್ಲಿ, ಶಿವನ ದಯೆಯಿಂದ, ಒಬ್ಬ ರಾಜ ಇದ್ದನಂತೆ. ಹೊಸ ಕಟ್ಟಳೆ ಏನೇ ತರಲಿ, ಡಂಗುರ ಸಾರಿಸುವ ಮುಂಚೆ ಮಟಮಟ ಮಧ್ಯಾಹ್ನ ಒಬ್ಬನೇ ಹಳೇ ಹುಣಸೆಮರದ ಬಳಿ ಹೋಗಿ, ದೀಪ ಹಚ್ಚಿ ಅಪ್ಪಣೆ ಕೇಳುವುದು ಅವನ ಪದ್ಧತಿ. ತೀರಿಹೋದ ತಂದೆ ಆ ಮರದ ಪೊಟರೆಯಲ್ಲಿದ್ದಾನೆ ಎಂದು ಅವನ ನಂಬಿಕೆ. ಮರ ಎಂದೂ ಮಾತಾಡಿರಲಿಲ್ಲ. ತಣ್ಣಗೆ ಗಾಳಿ ಬೀಸಿದರೆ ಅದೇ ಒಪ್ಪಿಗೆ.

ಅದೇ ಊರಲ್ಲಿ ಹಗಲುವೇಷದ ತಿಪ್ಪಯ್ಯ, ಕಣ್ಣು ಕಾಣದ ತಾಯಿ ಹುಲಿಗೆಮ್ಮನ ಜೊತೆ ಇದ್ದನಂತೆ. ಅವನು ಸತ್ತ ರಾಜನ ದನಿ ತೆಗೆದರೆ ಮುದುಕರು ಎದ್ದು ನಿಲ್ಲುತ್ತಿದ್ದರು. ವೇಷ ಮುಗಿದ ಮೇಲೆ ದೀಪದ ಮುಂದೆ ಒದ್ದೆ ಬಟ್ಟೆಯಲ್ಲಿ ಬಣ್ಣ ಒರೆಸಿ, "ನಿನ್ನದು ನಿನಗೆ, ನನ್ನದು ನನಗೆ" ಅನ್ನುವುದು ಅವರ ಮನೆತನದ ಶಾಸ್ತ್ರ.

ಒಂದು ದಿನ ತಿಪ್ಪಯ್ಯನ ಬಳಿ ಮರದ ವ್ಯಾಪಾರಿಗಳು ಬಂದರು. ಗುಡ್ಡ ತಮ್ಮ ಪಾಲಾಗಬೇಕು, ಆಡು ಮೇಯಿಸುವವರು ಅಲ್ಲಿ ಕಾಲಿಡಬಾರದು, ಹಾಗಂತ ಕಟ್ಟಳೆ ಆಗಬೇಕು. ಪೊಟರೆಯಲ್ಲಿ ಕೂತು ಹಿರಿಯ ರಾಜನ ದನಿಯಲ್ಲಿ ಎರಡು ಮಾತಾಡಿದರೆ ತಾಯಿಗೆ ಬೆಚ್ಚನೆ ಮನೆ ಕಟ್ಟಿಸುತ್ತೇವೆ ಅಂದರಂತೆ. ತಾಯಿಯನ್ನು ನೆನೆದು ತಿಪ್ಪಯ್ಯ ಒಪ್ಪಿದ. ವ್ಯಾಪಾರಿಗಳ ಅಹವಾಲು ಹೊತ್ತು ರಾಜ ಬಂದು ಅಪ್ಪಣೆ ಕೇಳಿದ. "ಗುಡ್ಡ ಅವರಿಗೆ ಕೊಡು ಕಂದಾ" ಅಂತು ಪೊಟರೆ. ರಾಜ ಅಡ್ಡಬಿದ್ದ. ಡಂಗುರ ಮೊಳಗಿತು, ಆಡುಗಳು ಗುಡ್ಡ ಇಳಿದವು.

ಮುಖಕ್ಕೆ ಬಣ್ಣವನ್ನೇ ಹಚ್ಚಿರಲಿಲ್ಲವಲ್ಲ, ಒರೆಸುವ ಶಾಸ್ತ್ರ ತಿಪ್ಪಯ್ಯನಿಗೆ ನೆನಪಾಗಲಿಲ್ಲ. ಬಣ್ಣ ಇಲ್ಲದಿದ್ದರೂ ವೇಷ ವೇಷವೇ. ಶಿವನಿಗೆ ಅದು ಗೊತ್ತಿತ್ತು.

ಮನೆಗೆ ಬಂದು "ಅವ್ವಾ" ಅಂದ. ಬಂದದ್ದು ಸತ್ತ ರಾಜನ ದನಿ. ಹುಲಿಗೆಮ್ಮ ಗಡಬಡಿಸಿ ಎದ್ದು, ತಲೆ ಮೇಲೆ ಸೆರಗೆಳೆದುಕೊಂಡು, "ಬುದ್ಧೀ, ಬಡವರ ಗುಡಿಸಲಿಗೆ ಬಂದ್ರಾ? ಚಾಪೆ ಬೇರೆ ಹರಿದದೆ. ನಮ್ಮ ತಿಪ್ಪ ಇನ್ನೂ ಬಂದಿಲ್ಲ" ಅಂದಳು.

ಎಷ್ಟು ಕೆಮ್ಮಿದರೂ, ಎಷ್ಟು ನೀರು ಕುಡಿದರೂ ಅದೇ ದನಿ. ನಾನೇ ಕಣವ್ವ ಅಂದಷ್ಟೂ ಆಕೆ ಮೂಲೆಗೆ ಸರಿದಳು. ಇಟ್ಟ ಅನ್ನ ಮುಟ್ಟದೆ, ಬಾಗಿಲ ಕಡೆ ಕಿವಿಯಿಟ್ಟು ಮಗನಿಗೆ ಕಾದಳಂತೆ.

ಅಷ್ಟರಲ್ಲಿ, ವ್ಯಾಪಾರಿಗಳಿಂದ ಗುಟ್ಟು ತಿಳಿದ ದೋಣಿಯವರು ಬಂದರು, ರಾಜ ಹೊಳೆಗೆ ಕಟ್ಟಿಸಬೇಕೆಂದಿರುವ ಸೇತುವೆ ಆಗಬಾರದು ಅಂತ ಪೊಟರೆಯಲ್ಲಿ ನುಡಿ ಎಂದು. ಈ ದನಿಯನ್ನು ಅಲ್ಲೇ ಬಿಟ್ಟುಬಂದರಾಯಿತು ಎಂದುಕೊಂಡು ತಿಪ್ಪಯ್ಯ ಪೊಟರೆ ಹೊಕ್ಕ. ಕೂತರೆ, ಬೆನ್ನಿಗೆ ಇನ್ನೊಂದು ಬೆನ್ನು ತಾಗಿತು, ತಣ್ಣಗೆ. ಹೊರಗೆ ರಾಜ ಕೈಮುಗಿದು ಕೇಳಿದ. ತಿಪ್ಪಯ್ಯ ಬಾಯಿ ತೆರೆಯಲೇ ಇಲ್ಲ. ಪೊಟರೆ ತಾನೇ ನುಡಿಯಿತು:

"ಕಂದಾ, ನನ್ನ ದನಿಯಲ್ಲಿ ಗುಡ್ಡ ಕೇಳಿದವರು ಯಾರು?"

ತಿಪ್ಪಯ್ಯ ಹೊರಬಂದ. ರಾಜನ ದೀಪದ ಮುಂದೆಯೇ ಕೂತು, ಪಂಚೆಯ ಚುಂಗನ್ನು ಪೂಜೆಯ ತಂಬಿಗೆ ನೀರಲ್ಲಿ ಅದ್ದಿ ಮುಖ ಒರೆಸಿದ. ಹಚ್ಚದ ಬಣ್ಣ ಬಟ್ಟೆಗೆ ಬಂತಂತೆ: ಚಿತೆಗೇರಿಸುವ ದಿನ ಹಿರಿಯ ರಾಜನ ಹಣೆಗೆ ಹಚ್ಚಿದ ಗಂಧ, ಇನ್ನೂ ಹಸಿಯಾಗಿ.

"ನಿನ್ನದು ನಿನಗೆ, ನನ್ನದು ನನಗೆ" ಅಂದ. ಆಮೇಲೆ, "ಮಹಾಪ್ರಭು, ಗುಡ್ಡ ಕೇಳಿದ್ದು ನಿಮ್ಮ ತಂದೆಯವರಲ್ಲ, ಮರದ ವ್ಯಾಪಾರಿಗಳು. ನುಡಿದವನು ನಾನು" ಅಂದ. ಈ ಸಲ ಬಂದ ದನಿ ತಿಪ್ಪಯ್ಯನದೇ.

ರಾಜ ಮರಕ್ಕೆ ಕೈಮುಗಿದು ಅರಮನೆಗೆ ಮರಳಿದನಂತೆ. ಯಾರಿಗೆ ಯಾವ ಕಟ್ಟಳೆ ಬೇಕೋ ಅವರೇ ಸಭೆಗೆ ಬಂದು, ಅದರಿಂದ ಕಳಕೊಳ್ಳುವವರ ಮುಖ ನೋಡುತ್ತ ಕೇಳಬೇಕು ಅಂತ ಡಂಗುರ ಹೊಡೆಸಿದ. ವ್ಯಾಪಾರಿಗಳು ಬಂದರು. ಎದುರಿಗೆ ಆಡಿನವರು ನಿಂತಿದ್ದರು. ಗುಡ್ಡ ಕೇಳದೆಯೇ ಬಂದ ದಾರಿ ಹಿಡಿದರು. ಆಡುಗಳು ಮತ್ತೆ ಗುಡ್ಡ ಹತ್ತಿದವು. ಹೊಳೆಗೆ ಸೇತುವೆಯೂ ಆಯಿತು.

ತಿಪ್ಪಯ್ಯ ಹೊಸ್ತಿಲಲ್ಲಿ ನಿಂತು ಅಂಜುತ್ತ "ಅವ್ವಾ" ಅಂದ.

"ಎಲ್ಲಿ ಹಾಳಾಗಿ ಹೋಗಿದ್ಯೋ? ದೊಡ್ಡೋರು ಬಂದು ಕಾದು ಕಾದು ಹೋದ್ರು" ಎಂದು ಬೈದಳಂತೆ ಹುಲಿಗೆಮ್ಮ. ಆ ಬೈಗುಳಕ್ಕೆ ಅವನು ಕೈಮುಗಿದನಂತೆ.

ಹುಣಸೆಮರ ಅಲ್ಲಿ, ನಾವು ಇಲ್ಲಿ. ಹೇಳಿದ ಬಾಯಿಯನ್ನೂ ಕೇಳಿದ ಕಿವಿಯನ್ನೂ ಶಿವ ಕಾಯಲಿ.